ಎರಡು ಹೂವು ಅಲುಗಿದರೆ ಸಾಕಿತ್ತೇ?

ಹಾಸನದಲ್ಲಿ ನಮ್ಮ ಅತ್ತೆ ಮನೆಯಲ್ಲಿ ಈಚೆಗೆ ಒಂದು ರಾತ್ರಿ ಎಲ್ಲರೂ ಕೂತು ಪುಟ್ಟಣ್ಣ ಕಣಗಾಲರ ಹಳೆಯ ಸಿನಿಮಾ 'ಶರಪಂಜರ' ನೋಡಿದೆವು. ಫೋನಿನಿಂದ ಟೀವಿಗೆ ಹಾಕಿಕೊಟ್ಟವಳು ಅತ್ತೆಯ ಮೊಮ್ಮಗಳು. ಅತ್ತೆ ಅದನ್ನು ಮದುವೆಗೆ ಮುಂಚೆ ಊರಿನ ಟೆಂಟಿನಲ್ಲಿ ನೋಡಿದ್ದರಂತೆ. ಮುಗಿದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ಆಗ ಏನನ್ನೂ ಬಿಚ್ಚಿ ತೋರಿಸ್ತಿರಲಿಲ್ಲ ಕಣೋ. ಎರಡು ಹೂವು ಅಲುಗಿದ್ರೆ ನಮಗೆ ಎಲ್ಲಾ ಗೊತ್ತಾಗ್ತಿತ್ತು. ಸೆನ್ಸಾರ್ ಇತ್ತು, ಅದಕ್ಕೇ ಸಿನಿಮಾ ಚೆನ್ನಾಗಿತ್ತು."

ಮೊಮ್ಮಗಳು ಕೇಳಿದಳು: "ಎಲ್ಲಾ ಗೊತ್ತಾಗ್ತಿತ್ತಾ ಅಜ್ಜಿ? ಕಾವೇರಿಗೆ ಏನು ಕಾಯಿಲೆ ಅಂತ ಗೊತ್ತಾಗಿತ್ತಾ?"

ಕಾವೇರಿ ಆ ಸಿನಿಮಾದ ನಾಯಕಿ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹುಚ್ಚು ಅಂದ್ಕೊಂಡಿದ್ವಿ" ಎಂದರು.

ಅವರ ಮಾತನ್ನು ನಾನು ಬೇರೆಯವರ ಬಾಯಲ್ಲೂ ಬೇಕಾದಷ್ಟು ಸಲ ಕೇಳಿದ್ದೇನೆ. ಮದುವೆಮನೆ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಓಟಿಟಿ ಬಗ್ಗೆ ವಾದ ಬಂದಾಗಲೆಲ್ಲ. ಹಳೆಯ ಸಿನಿಮಾ ಎಲ್ಲವನ್ನೂ ಸೂಚ್ಯವಾಗಿ ಹೇಳುತ್ತಿತ್ತು, ಅದಕ್ಕೆ ಸೆನ್ಸಾರ್ ಕಾರಣ, ಆದ್ದರಿಂದ ಇವತ್ತೂ ಕತ್ತರಿ ಬಿಗಿಯಾಗಬೇಕು ಅಂತ. ಮೊದಲನೆಯದು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದನ್ನು ಒಪ್ಪುವ ಮುಂಚೆ ಆ ಸಿನಿಮಾಗಳನ್ನು ಮತ್ತೊಮ್ಮೆ ನೋಡಬೇಕು. ನನಗೆ ಕಂಡದ್ದು ಇಷ್ಟು. ಸೆನ್ಸಾರ್ ಕಣ್ಣು ಮೈ ಮೇಲೆ ಇತ್ತು, ಆದರೆ ಅದರ ಭಯ ಇದ್ದದ್ದು ಒಂದು ಪ್ರಶ್ನೆಯ ಬಗ್ಗೆ: ನಾಚಿಕೆ ಯಾರ ತಲೆಗೆ ಕಟ್ಟಬೇಕು?

ಮೊದಲು ಆಗಿನ ವ್ಯವಸ್ಥೆ ಹೇಗಿತ್ತು ಅಂತ ನೋಡೋಣ. ಸಿನಿಮಾಟೋಗ್ರಾಫ್ ಕಾಯ್ದೆ ಬಂದದ್ದು 1952ರಲ್ಲಿ. 80ರ ದಶಕದವರೆಗೂ ಸಾಮಾನ್ಯ ಸಿನಿಮಾಕ್ಕೆ ಇದ್ದದ್ದು ಎರಡೇ ಸರ್ಟಿಫಿಕೇಟ್. ಎಲ್ಲರೂ ನೋಡಬಹುದಾದರೆ 'ಯು', ದೊಡ್ಡವರಿಗೆ ಮಾತ್ರ ಆದರೆ 'ಎ'. ನಡುವೆ ಏನೂ ಇರಲಿಲ್ಲ. 1983ರಲ್ಲಿ ಸಿನಿಮಾ ಪರೀಕ್ಷಿಸುವ ಮಂಡಳಿಯ ಹೆಸರಿನಿಂದ 'ಸೆನ್ಸಾರ್' ಹೋಗಿ 'ಪ್ರಮಾಣೀಕರಣ' ಬಂತು. 'ಯು/ಎ' ಬಂದದ್ದೂ ಆಗಲೇ. ಕೆ.ಎ. ಅಬ್ಬಾಸ್ ಎಂಬ ನಿರ್ದೇಶಕರು ಮುಂಬೈಯ ವೇಶ್ಯಾವಾಟಿಕೆಯ ಕೆಲವು ದೃಶ್ಯಗಳಿದ್ದ ಸಾಕ್ಷ್ಯಚಿತ್ರಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ತೀರ್ಪು ಬಂತು. ಸಿನಿಮಾವನ್ನು ತೆರೆಗೆ ಮುಂಚೆಯೇ ಪರೀಕ್ಷಿಸುವುದು ಸರಿ ಎಂದಿತು ಕೋರ್ಟು. ಜೊತೆಗೆ, ಲೈಂಗಿಕತೆ ಬಂದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ ಎಂದೂ ಹೇಳಿತು. ಅದಕ್ಕೂ ಒಂದು ವರ್ಷ ಮುಂಚೆ, ಸೆನ್ಸಾರ್ ಬಗ್ಗೆ ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಖೋಸ್ಲಾ ಸಮಿತಿ, ಕಥೆಗೆ ಬೇಕಿದ್ದರೆ ಮುತ್ತು ಇರಲಿ ಬಿಡಿ ಎಂದಿತ್ತು. ಆದರೂ ನಮ್ಮ ತೆರೆಯ ಮೇಲೆ ಹೂವುಗಳೇ ಅಲುಗುತ್ತಿದ್ದವು.

ಅದಕ್ಕೆ ಕಾರಣ ಮಂಡಳಿಯೊಂದೇ ಅಲ್ಲ. 'ಎ' ಅನ್ನುವ ಒಂದಕ್ಷರ ಪೋಸ್ಟರಿನಲ್ಲಿ ಬಿದ್ದರೆ ನಮ್ಮಂಥ ಊರುಗಳಲ್ಲಿ ಹೆಂಗಸರು ಥಿಯೇಟರಿನ ಕಡೆ ಬರುತ್ತಿರಲಿಲ್ಲ. ಹೆಂಗಸರು ಬರದಿದ್ದರೆ ಮನೆಮಂದಿ ಬರುವುದಿಲ್ಲ. ಮನೆಮಂದಿ ಬರದಿದ್ದರೆ ಹಂಚಿಕೆದಾರ ಡಬ್ಬ ಎತ್ತುವುದಿಲ್ಲ. ಹಾಗಾಗಿ ನಿರ್ಮಾಪಕರಿಗೆ ಒಂದೆರಡು ಕಟ್‌ಗಿಂತ ಆ ಒಂದಕ್ಷರದ ಭಯವೇ ಜಾಸ್ತಿ.

ಅದೇ ಕಾಲದಲ್ಲಿ ಸರ್ಕಾರ ಊರಿನ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸುತ್ತಿತ್ತು. ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ ಅಂತ ಎಲ್ಲೆಲ್ಲೂ ಹೇಳುತ್ತಿತ್ತು. ಮಕ್ಕಳ ಲೆಕ್ಕದ ಬಗ್ಗೆ ಬೀದಿಯಲ್ಲಿ ಮಾತಾಡಬಹುದಿತ್ತು. ಹೆಂಗಸಿನ ಆಸೆಯ ಬಗ್ಗೆ ತೆರೆಯ ಮೇಲೆ ಮಾತಾಡುವುದು ಕಷ್ಟವಿತ್ತು.

ಪುಟ್ಟಣ್ಣ ಕಣಗಾಲ್ ಆ ಕಷ್ಟದೊಳಗೇ ನುಗ್ಗಿದವರು. 1969ರ 'ಗೆಜ್ಜೆಪೂಜೆ'ಯಲ್ಲಿ ವೇಶ್ಯೆಯ ಮಗಳು. 1971ರ 'ಶರಪಂಜರ'ದಲ್ಲಿ ಬಾಣಂತನದಲ್ಲಿ ಮನಸ್ಸು ಕಲಕಿದ ಹೆಣ್ಣು. 1973ರ 'ಎಡಕಲ್ಲು ಗುಡ್ಡದ ಮೇಲೆ'ಯಲ್ಲಿ ಗಂಡನಿಂದ ಮೈಯ ಸುಖ ಸಿಗದೆ ಬೇಯುವ ಹೆಂಡತಿ. ಇವು ಯಾವುದೋ ಮೂಲೆಯ ಸಿನಿಮಾಗಳಾಗಿರಲಿಲ್ಲ. ಹಾಡು, ದೊಡ್ಡ ತಾರೆಯರು ಎಲ್ಲಾ ಇದ್ದವು. ಹೆಂಗಸರು ಕೂಸು ಕಟ್ಟಿಕೊಂಡು ಬಂದು ನೋಡಿದರು. ಮಾತಿನಲ್ಲಿ ಹೇಳಲಾಗದ್ದನ್ನು ಅವರು ಹಾಡಿಗೆ ಕೊಟ್ಟರು, ಗುಡ್ಡಕ್ಕೆ ಕೊಟ್ಟರು. ವಿರಹದ ಹಾಡೊಂದರಲ್ಲಿ ನಾಯಕಿಯ ಕಣ್ಣು ಹೇಳಿದ್ದನ್ನು ಯಾವ ಪರೀಕ್ಷಕರೂ ಕತ್ತರಿಸಲಾರರು. ಎಷ್ಟು ಅಡಿ ಕತ್ತರಿಸಬೇಕು ಅಂತ ಅಳೆಯಲು ಅಲ್ಲಿ ಏನೂ ಇರಲಿಲ್ಲ.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. 'ಶರಪಂಜರ'ದ ಕಾದಂಬರಿ ಬರೆದ ತ್ರಿವೇಣಿ ಮನಃಶಾಸ್ತ್ರ ಓದಿದವರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರ ಕಾವೇರಿಗೆ ಬಂದದ್ದನ್ನು ನಮ್ಮ ಕಡೆ ಬಾಣಂತಿ ಸನ್ನಿ ಅನ್ನುತ್ತಾರೆ. ಹೆರಿಗೆಯ ನಂತರ ಬರುವ ಮಾನಸಿಕ ಕಾಯಿಲೆ ಅದು, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಸಿನಿಮಾದಲ್ಲೂ ಅವಳು ವಾಸಿಯಾಗಿಯೇ ಮನೆಗೆ ಬರುತ್ತಾಳೆ. ಮತ್ತೆ ಕೆಡಿಸುವುದು ಮನೆ. ಗಂಡ ಬೇರೆ ಹೆಣ್ಣಿನ ಕಡೆ ತಿರುಗಿರುತ್ತಾನೆ. ಸುತ್ತಲಿನವರ ಕಣ್ಣಲ್ಲಿ ಅವಳು ಹುಚ್ಚಿಯೇ. ಇಷ್ಟನ್ನು ಸಿನಿಮಾ ಸ್ಪಷ್ಟವಾಗಿಯೇ ಹೇಳಿದೆ. ಆದರೂ ನಮ್ಮ ಅತ್ತೆಯ ನೆನಪಿನಲ್ಲಿ ಉಳಿದದ್ದು ಹುಚ್ಚಿ ಕಾವೇರಿ. ಅವಳ ಹಳೆಯ ಸಂಬಂಧದ ಗುಟ್ಟಿನ ಸುತ್ತ ಕಥೆ ಎಷ್ಟು ಸುಳಿದಾಡುತ್ತದೆ ಅಂದರೆ, ತಪ್ಪಿಗೆ ಶಿಕ್ಷೆಯಾಯಿತು ಅಂತ ಓದಿಕೊಳ್ಳಲೂ ದಾರಿ ತೆರೆದಿತ್ತು. ಸೂಚ್ಯದ ತೊಂದರೆ ಇದೇ. ನೋಡುವವರ ಮನಸ್ಸಿನಲ್ಲಿ ಮೊದಲೇ ಏನಿದೆಯೋ ಅದೇ ಅವರಿಗೆ ಅರ್ಥವಾಗುತ್ತದೆ.

ಆದರೂ ಸೂಚ್ಯದಿಂದ ನಿಜವಾಗಿ ಹೊಸದೇನೋ ಹುಟ್ಟಿದ ಜಾಗವೊಂದಿದೆ. ಅದು ಮಗುವಿನ ಕಣ್ಣು. ಗಿರೀಶ ಕಾರ್ನಾಡರ 'ಕಾಡು' 1973ರದು. ಊರಿನ ಹಾದರ, ದ್ವೇಷ, ಕೊಲೆ ಎಲ್ಲವನ್ನೂ ಕಿಟ್ಟಿ ಎಂಬ ಹುಡುಗ ನೋಡುತ್ತಾನೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು. ಬಸಿರಾದ ವಿಧವೆ ಯಮುನಾಳ ಕಥೆಯನ್ನು ವೇದಪಾಠಕ್ಕೆ ಬಂದ ಪುಟ್ಟ ನಾಣಿಯ ಕಣ್ಣಿನಿಂದ ನಾವು ನೋಡುತ್ತೇವೆ. ಹುಡುಗನಿಗೆ ಅರ್ಥವಾಗದ್ದನ್ನು ಕ್ಯಾಮೆರಾ ತೋರಿಸಬೇಕಾಗಿಲ್ಲ. ಅವನಿಗೆ ಕಾಣುವುದು ಅಕ್ಕನಂಥ ಒಬ್ಬಳು ರಾತ್ರಿ ಎದ್ದು ಹೋಗುವುದು, ಸುಸ್ತಾಗಿ ಮಲಗುವುದು, ದೊಡ್ಡವರ ಪಿಸುಮಾತು. ಉಳಿದದ್ದನ್ನು ನಾವೇ ಜೋಡಿಸಿಕೊಳ್ಳುತ್ತೇವೆ. ಗರ್ಭಪಾತದಂಥ ವಿಷಯ ಹೀಗೆ ತೆರೆಗೆ ಬಂತು. ಆದರೆ ಮಗುವಿನ ಕಣ್ಣಿಗೆ ಇನ್ನೊಂದು ಗುಣವೂ ಇದೆ. ಅದು ತೀರ್ಪು ಕೊಡುವುದಿಲ್ಲ. ಊರೆಲ್ಲಾ ಯಮುನಾಳನ್ನು ಕೆಟ್ಟವಳು ಅಂದಾಗ ನಾಣಿಗೆ ಹಾಗೆ ಕಾಣುವುದಿಲ್ಲ. ಅವನ ಜೊತೆ ಕೂತ ನಮಗೂ ಕಾಣುವುದಿಲ್ಲ. ಅದಕ್ಕೇ ಕೊನೆಯಲ್ಲಿ ತಲೆ ಬೋಳಿಸಿ ಹೊರಗೆ ಹಾಕಿದ ಅವಳು ಮರದಡಿ ಕೂತಿರುವಾಗ, ಹುಡುಗನನ್ನು ಅಪ್ಪ ಕರೆದುಕೊಂಡು ಹೋಗುವ ಆ ದೃಶ್ಯ ಎದೆಗೆ ನಾಟುತ್ತದೆ. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿದ ತಂದೆ ತಾನು ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಕತ್ತರಿ ಆಡಿಸಲು ಇದರಲ್ಲಿ ಒಂದೇ ಒಂದು 'ಅಶ್ಲೀಲ' ದೃಶ್ಯ ಇಲ್ಲ. ನಾಚಿಕೆಯ ಭಾರ ಮಾತ್ರ ಸರಿಯಾದ ಕಡೆ ಬಿದ್ದಿದೆ.

'ಚೋಮನ ದುಡಿ'ಯನ್ನು ಕಾಫಿ ಸೀಮೆಯವರು ನೋಡುವ ಬಗೆಯೇ ಬೇರೆ. ಶಿವರಾಮ ಕಾರಂತರ ಕಾದಂಬರಿಯನ್ನು 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು. ಚೋಮನ ಮಗಳು ಬೆಳ್ಳಿ ತೋಟದ ಸಾಲ ತೀರಿಸಲು ಘಟ್ಟ ಹತ್ತುತ್ತಾಳೆ. ತೋಟದ ರೈಟರು ಮನ್ವೇಲನ ಹತ್ತಿರ ಸಾಲದ ಲೆಕ್ಕ ಇರುತ್ತದೆ. ಸಾಲ ತೀರುತ್ತದೆ. ಹೇಗೆ ಅಂತ ಸಿನಿಮಾ ಬಿಡಿಸಿ ಹೇಳುವುದಿಲ್ಲ. ಮೂಡಿಗೆರೆ, ಕೊಪ್ಪದ ಕಡೆಯ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ಲೈನ್ ಮನೆಗಳನ್ನು ದೂರದಿಂದ ನೋಡಿದವರಿಗೆ? ಅವರಿಗೆ ಅದು ಬೆಳ್ಳಿಯ ದೌರ್ಬಲ್ಯ ಅಂತ ಕಾಣುವ ಸಾಧ್ಯತೆ ಇದ್ದೇ ಇದೆ. ಇಂಥ ಕಡೆ ನನಗೆ ಮೌನಕ್ಕಿಂತ ಮಾತೇ ಬೇಕು ಅನ್ನಿಸುತ್ತದೆ.

ಹಾಗಾದರೆ ಸೆನ್ಸಾರ್ ಯಾವುದನ್ನು ಪೂರ್ತಿ ತಡೆಯಿತು? ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿ ಮಾಡಿದ 'ಸಂಸ್ಕಾರ'ದ ಚಿತ್ರೀಕರಣ ಆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಹೆಣ ಸುಡುವವರು ಯಾರು ಅನ್ನುವ ತರ್ಕದಲ್ಲಿ ಹೆಣ ಕೊಳೆಯುತ್ತದೆ. ದಾರಿ ಹೇಳಬೇಕಾದ ಪ್ರಾಣೇಶಾಚಾರ್ಯರು ಕಾಡಿನ ಕತ್ತಲಲ್ಲಿ ಚಂದ್ರಿಯ ಜೊತೆ ಸೇರುತ್ತಾರೆ. ಕಾರ್ನಾಡರು ಆಚಾರ್ಯ, ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮದ್ರಾಸಿನ ಸೆನ್ಸಾರ್ ಮಂಡಳಿ ಇದನ್ನು ನಿಷೇಧಿಸಿತು. ಕಾರಣ ಆ ಕತ್ತಲ ದೃಶ್ಯವಲ್ಲ. ಜಾತಿಯನ್ನು ಪ್ರಶ್ನಿಸುವ ಕಥೆಯಿಂದ ಗಲಾಟೆ ಆಗಬಹುದು ಅನ್ನುವ ಭಯ. ಸಾಕಷ್ಟು ವಿರೋಧ ಬಂದ ಮೇಲೆ ಕೇಂದ್ರ ಸರ್ಕಾರ ಬಿಡುಗಡೆಗೆ ಒಪ್ಪಿತು. 1970ರ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಎಂಥಾ ಮಾತು ನೋಡಿ. ಒಂದು ಕೈ ನಿಷೇಧಿಸಿದ್ದನ್ನು ಇನ್ನೊಂದು ಕೈ ಸನ್ಮಾನಿಸಿತು.

ಹೂವು ಅಲುಗಿಸಿ ಮೈಯನ್ನು ಮರೆಮಾಡಬಹುದು. ಜಾತಿಯನ್ನು ಯಾವ ಹೂವಿನ ಹಿಂದೆ ಇಡುತ್ತೀರಿ? ಅದನ್ನು ಹೆಸರಿಟ್ಟೇ ಹೇಳಬೇಕು. 'ಸಂಸ್ಕಾರ' ಹೆಸರಿಟ್ಟು ಹೇಳಿತು, ಅದಕ್ಕೇ ಸಿಕ್ಕಿಬಿತ್ತು.

ಹಳೆಯ ಸಿನಿಮಾಗಳ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ ಒಂದು ಲೆಕ್ಕ ಮಾತ್ರ ಕಾಡುತ್ತದೆ. ಕೊನೆಗೆ ಯಾರು ಉಳಿದರು ಅನ್ನುವ ಲೆಕ್ಕ. 'ಗೆಜ್ಜೆಪೂಜೆ'ಯ ಚಂದ್ರಾ ಸಾಯುತ್ತಾಳೆ. 'ಶರಪಂಜರ'ದ ಕಾವೇರಿ ಮತ್ತೆ ಆಸ್ಪತ್ರೆಗೆ. 'ಘಟಶ್ರಾದ್ಧ'ದ ಯಮುನಾ ಊರ ಹೊರಗೆ. ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ದಲ್ಲಿ ವಿಧವೆ ಕಾತ್ಯಾಯಿನಿ ಧೈರ್ಯ ಮಾಡಿ ಮರುಮದುವೆಯಾಗುತ್ತಾಳೆ. ಕೊರಗಿ ಕೊರಗಿ ಅವಳೂ ಸಾಯುತ್ತಾಳೆ. ಒಂದೊಂದಕ್ಕೂ ಕಥೆಯೊಳಗೆ ಕಾರಣ ಇದೆ, ಒಪ್ಪುತ್ತೇನೆ. ಯಮುನಾಳ ಕೊನೆ ಊರಿನ ಮೇಲಿನ ಆರೋಪ ಅನ್ನುವುದೂ ಗೊತ್ತು. ಆದರೂ ಸಾಲಾಗಿ ಇಟ್ಟು ನೋಡಿದಾಗ ಗೆರೆ ದಾಟಿದ ಹೆಣ್ಣು ಬದುಕಿ ಉಳಿಯುವುದು ತೆರೆಯ ಮೇಲೆ ಅಪರೂಪವಾಗಿತ್ತು. ಇದನ್ನು ಯಾವ ನಿಯಮದಲ್ಲೂ ಯಾರೂ ಬರೆದಿರಲಿಲ್ಲ.

ಇದನ್ನು ಮುರಿದ ಸಿನಿಮಾ ಅಂದರೆ ನನಗೆ ಮೊದಲು ನೆನಪಾಗುವುದು 1983ರ 'ಫಣಿಯಮ್ಮ'. ಎಂ.ಕೆ. ಇಂದಿರಾ ಅವರ ಕಾದಂಬರಿ, ನಿರ್ದೇಶನ ಪ್ರೇಮಾ ಕಾರಂತ. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಫಣಿಯಮ್ಮ ಒಂದು ಮಾತೂ ಆಡದೆ ಬದುಕು ಸವೆಸಿದವಳು. ಮುದುಕಿಯಾದ ಮೇಲೆ ದಾಕ್ಷಾಯಿಣಿ ಎಂಬ ಹುಡುಗಿ ವಿಧವೆಯಾಗುತ್ತಾಳೆ. ಕೂದಲು ಕೊಡುವುದಿಲ್ಲ ಅನ್ನುತ್ತಾಳೆ. ಆಮೇಲೆ ಮೈದುನನಿಂದ ಬಸಿರಾಗುತ್ತಾಳೆ. ಊರು ಬಾಯಿ ಬಡಿದುಕೊಳ್ಳುವಾಗ ಫಣಿಯಮ್ಮ ಅವಳ ಪಕ್ಕ ನಿಲ್ಲುತ್ತಾಳೆ. ಹುಡುಗಿ ಸಾಯುವುದಿಲ್ಲ. ಬರೆದವರೂ ಹೆಂಗಸು, ಕ್ಯಾಮೆರಾ ಹಿಂದೆ ನಿಂತವರೂ ಹೆಂಗಸು ಅನ್ನುವುದು ಇದಕ್ಕೆ ಕಾರಣ ಅಂತ ನಾನು ನಂಬುತ್ತೇನೆ. ಆಗಲೂ ಅದೇ ಕಾಯ್ದೆ, ಅದೇ ಕತ್ತರಿ ಇತ್ತು ಅಲ್ವಾ?

ಟೀವಿಯ ಕಥೆಯಲ್ಲಿ ಹಾಸನಕ್ಕೆ ಒಂದು ಪಾಲಿದೆ. ಸಾಲಗಾಮೆ ರಸ್ತೆಯ ಇಸ್ರೋ ಮಾಸ್ಟರ್ ಕಂಟ್ರೋಲ್ ಕೇಂದ್ರ ಶುರುವಾದದ್ದು 1982ರಲ್ಲಿ. ಮರುವರ್ಷ ಇನ್ಸಾಟ್-1ಬಿ ಮೇಲೆ ಹೋಯಿತು. ದೂರದರ್ಶನದ ಚಿತ್ರವನ್ನು ದೇಶದ ಮೂಲೆ ಮೂಲೆಗೆ ಮುಟ್ಟಿಸಿದ ಆ ಉಪಗ್ರಹವನ್ನು ನೋಡಿಕೊಂಡದ್ದು ನಮ್ಮೂರಿನವರೇ. ಆಗಿನ ಟೀವಿಗೆ ಬೇರೆ ಸೆನ್ಸಾರ್ ಬೇಕಿರಲಿಲ್ಲ, ವಾಹಿನಿಯೇ ಸರ್ಕಾರದ್ದು. ಇನ್ನು ಮನೆಯೊಳಗೆ ಅಪ್ಪ ಇದ್ದರು. ತೆರೆಯ ಮೇಲೆ ಏನೋ ಬರುತ್ತದೆ ಅನ್ನಿಸಿದ ತಕ್ಷಣ "ಹೋಗು, ಕುಡಿಯಕ್ಕೆ ನೀರು ತಗೊಂಡು ಬಾ" ಅನ್ನುತ್ತಿದ್ದರು. ಎಷ್ಟೋ ಸಿನಿಮಾಗಳ ನಡುವಿನ ಎರಡು ನಿಮಿಷ ನಾನು ಅಡುಗೆಮನೆಯಲ್ಲಿ ಕಳೆದಿದ್ದೇನೆ. ಆದರೆ ಅದೇ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಸಿನಿಮಾಗಳನ್ನು ಹಾಕುತ್ತಿತ್ತು. ಜಿಲ್ಲೆಯ ಥಿಯೇಟರುಗಳಿಗೆ ಬಾರದೇ ಹೋದ ಕಥೆಗಳು ಊಟದ ಹೊತ್ತಿಗೆ ನಡುಮನೆಗೆ ಬಂದವು.

1988ರಲ್ಲಿ ದೂರದರ್ಶನ 'ತಮಸ್' ತೋರಿಸಿತು. ದೇಶ ಒಡೆದಾಗಿನ ಕೋಮುಗಲಭೆಯ ಕಥೆ, ಗೋವಿಂದ ನಿಹಲಾನಿ ನಿರ್ದೇಶನ. ನಿಲ್ಲಿಸಬೇಕು ಅಂತ ಒಬ್ಬರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಪೂರ್ತಿ ಧಾರಾವಾಹಿ ನೋಡಿಯೇ ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ಕೃತಿಯ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವಿರುವ ಮನುಷ್ಯನ ಅಳತೆಯಲ್ಲಿ ನೋಡಬೇಕು, ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಲ್ಲಿ ಬೇಡ ಅನ್ನುವುದು ಅದರ ಸಾರ. ನೋಡುವವರನ್ನು ದೊಡ್ಡವರು ಅಂತ ನಂಬಿದ ಮಾತು ಅದು.

ಆದರೆ ಕೋರ್ಟು, ಮಂಡಳಿ ಎರಡೂ ಬಿಟ್ಟರೂ ಬೀದಿ ಬಿಡುವುದಿಲ್ಲ. ಇದು ಹಾಸನಕ್ಕೆ ಚೆನ್ನಾಗಿ ಗೊತ್ತು. ನಮ್ಮ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಕಾಸರವಳ್ಳಿಯವರು 'ಹಸೀನಾ' ಮಾಡಿದರು. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ಮಸೀದಿಯ ಮುಂದೆ ನ್ಯಾಯ ಕೇಳುವ ಕಥೆ. ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ. ಅದಕ್ಕೂ ಮುಂಚೆ, 2000ದಲ್ಲಿ, ಮಸೀದಿಗೆ ಹೆಂಗಸರಿಗೂ ಪ್ರವೇಶ ಇರಬೇಕು ಅಂದದ್ದಕ್ಕೆ ಬಾನು ಅವರ ಮೇಲೆ ಸಾಮಾಜಿಕ ಬಹಿಷ್ಕಾರ ಬಿದ್ದಿತ್ತು. ಬೆದರಿಕೆಗಳು ಬಂದವು, ಚಾಕು ಹಿಡಿದು ಬಂದವನೂ ಇದ್ದ. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಊರು ಸಂಭ್ರಮಿಸಿತು, ನಾನೂ ಸಂಭ್ರಮಿಸಿದೆ. ಆ ದಿನ ನನಗೆ ಜಾಸ್ತಿ ನೆನಪಾದದ್ದು ಆ ಬಹಿಷ್ಕಾರದ ತಿಂಗಳುಗಳು. ಆಗ ನಾವೆಲ್ಲ ಎಲ್ಲಿದ್ದೆವು?

ಈಗಿನ ಮಾತಿಗೆ ಬಂದರೆ, ಮಂಡಳಿ ಬೀದಿಯ ಭಯವನ್ನೇ ತನ್ನ ಭಯ ಮಾಡಿಕೊಂಡಿದೆ ಅನ್ನಿಸುತ್ತದೆ. 2025ರಲ್ಲಿ 'ಫುಲೆ' ಸಿನಿಮಾದಿಂದ ಜಾತಿಯ ಹೆಸರುಗಳನ್ನು ತೆಗೆಯಲು ಹೇಳಿತು. ಜಾತಿಯ ವಿರುದ್ಧ ಬದುಕು ಸವೆಸಿದ ದಂಪತಿಯ ಸಿನಿಮಾ ಅದು. ಪೊಲೀಸರ ಕ್ರೌರ್ಯ ಮತ್ತು ಜಾತಿಯ ಬಗ್ಗೆ ಇದ್ದ 'ಸಂತೋಷ್' ಇಲ್ಲಿ ತೆರೆಗೇ ಬರಲಿಲ್ಲ. ಮಲಯಾಳದಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಕೋರ್ಟಿನಲ್ಲಿ ಹೋರಾಡುವ ನಾಯಕಿಗೆ ಜಾನಕಿ ಅನ್ನುವ ಹೆಸರು ಬೇಡ, ಅದು ಸೀತೆಯ ಹೆಸರು ಎಂದಿತು. ಕೊನೆಗೆ ಹೆಸರಿನ ನಂತರ ಇನಿಶಿಯಲ್ ಸೇರಿಸಿ ಬಿಡುಗಡೆ ಮಾಡಬೇಕಾಯಿತು. ನಮ್ಮೂರುಗಳಲ್ಲಿ ಎಷ್ಟು ಜನ ಜಾನಕಿಯರಿದ್ದಾರೆ! ಅವರಿಗೆ ಅನ್ಯಾಯ ಆಗುವುದೇ ಇಲ್ಲವೇ?

ತಡೆದರೆ ಹೋಗಲು ಇರುವ ದಾರಿಯೂ ಕಿರಿದಾಗಿದೆ. ಮೊದಲು ಮಂಡಳಿಯ ಮೇಲೆ ಕೇಂದ್ರ ಸರ್ಕಾರ ಕೈಯಾಡಿಸಬಹುದಿತ್ತು. ಅದು 'ಸಂಸ್ಕಾರ'ದಂಥ ಸಿನಿಮಾವನ್ನು ಉಳಿಸಲೂಬಹುದು, ಇನ್ನೊಂದನ್ನು ಮುಗಿಸಲೂಬಹುದು. ಆ ಅಧಿಕಾರ ಸರಿಯಲ್ಲ ಅಂತ ನಿರ್ದೇಶಕ ಕೆ.ಎಂ. ಶಂಕರಪ್ಪ ಅವರು ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2000ದಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಒಳ್ಳೆಯ ತೀರ್ಪು. ಆದರೆ ಸಿನಿಮಾದವರು ಮೇಲ್ಮನವಿ ಹಾಕುತ್ತಿದ್ದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಈಗ ನೇರ ಹೈಕೋರ್ಟಿಗೇ ಹೋಗಬೇಕು. ಸಾಲ ಮಾಡಿ ಮೊದಲ ಸಿನಿಮಾ ತೆಗೆದ ಹುಡುಗರಿಗೆ ವಕೀಲರ ಫೀಸು, ದಿನಾಂಕಗಳು, ಬಡ್ಡಿ ಎಲ್ಲಾ ಲೆಕ್ಕ ಹಾಕಿದರೆ ಹೇಳಿದ ಕಡೆ ಕತ್ತರಿಸಿಕೊಂಡು ಬರುವುದೇ ಸುಲಭ.

2023ರ ತಿದ್ದುಪಡಿಯಲ್ಲಿ ಒಳ್ಳೆಯದೂ ಇದೆ. 'ಯುಎ'ಯನ್ನು 7, 13, 16 ವರ್ಷ ಅಂತ ಮೂರು ಮಾಡಿದರು. ಎರಡೇ ಅಕ್ಷರಗಳ ನಡುವೆ ಸಿಕ್ಕಿ ಒದ್ದಾಡಿದ ಪುಟ್ಟಣ್ಣನ ಕಾಲಕ್ಕೆ ಇದು ಇದ್ದಿದ್ದರೆ ಅನ್ನಿಸುತ್ತದೆ. ವಯಸ್ಸು ಹೇಳಿ, ವಿಷಯ ಹೇಳಿ, ನೋಡುವುದು ಬಿಡುವುದು ಅವರವರಿಗೆ ಬಿಡಿ. ಅಷ್ಟು ಮಾಡಿದರೆ ಸಾಕಲ್ವಾ? ಆದರೆ ವಯಸ್ಸಿನ ಪಟ್ಟಿಯೂ ಬಂದಿದೆ, ಕತ್ತರಿಯೂ ಹಾಗೇ ಇದೆ. ಓಟಿಟಿಗೆ ಮಂಡಳಿಯ ಕತ್ತರಿ ಇಲ್ಲ, 2021ರ ನಿಯಮದಂತೆ ವಯಸ್ಸಿನ ಗುರುತನ್ನು ಕಂಪನಿಗಳೇ ಹಾಕುತ್ತವೆ. ಅಲ್ಲಿ ರಕ್ತ, ಬೈಗುಳ ಬೇಕಾದಷ್ಟು ಸಿಗುತ್ತದೆ. ಬೆಳ್ಳಿಯಂಥವಳ ಸಾಲದ ಲೆಕ್ಕ ಸಿಗುವುದು ಕಡಿಮೆ. ಕೇಸು ಬಿದ್ದೀತು ಅನ್ನುವ ಭಯದಲ್ಲಿ ಕಥೆ ಬರೆಯುವಾಗಲೇ ಆ ಹಾಳೆ ಹರಿದುಹೋಗುತ್ತದೆ.

ಆ ರಾತ್ರಿ ಸಿನಿಮಾ ಮುಗಿದ ಮೇಲೆ ಅತ್ತೆ ಬೇಗ ಮಲಗಲಿಲ್ಲ. ಮೊಮ್ಮಗಳು ಬಾಣಂತಿ ಸನ್ನಿಯ ಬಗ್ಗೆ ಫೋನಿನಲ್ಲಿ ಓದಿ ಹೇಳುತ್ತಿದ್ದಳು. ನಿದ್ದೆ ಇಲ್ಲದಿರುವುದು, ಮಗುವನ್ನು ಕಂಡರೆ ಹೆದರುವುದು, ಯಾರೋ ಕರೆದಂತೆ ಕೇಳಿಸುವುದು, ಔಷಧಿಯಿಂದ ವಾಸಿಯಾಗುವುದು. ಅತ್ತೆ ನಡುವೆ ತಡೆದರು. ತಮ್ಮ ತವರಿನ ಬೀದಿಯಲ್ಲಿ ಒಬ್ಬಳನ್ನು ಹೆರಿಗೆಯಾದ ತಿಂಗಳಿಗೆ ಉಗ್ರಾಣದಲ್ಲಿ ಕೂಡಿಹಾಕಿದ್ದರಂತೆ. ಮಂತ್ರವಾದಿಯನ್ನು ಕರೆಸಿದ್ದರಂತೆ. ಕಿಟಕಿಯಲ್ಲಿ ಊಟ ಕೊಡುವ ಕೆಲಸ ಅತ್ತೆಯದು, ಆಗ ಅವರಿಗೆ ಹದಿನಾಲ್ಕು ವರ್ಷ.

"ನನ್ನ ಜೊತೆ ಚೆನ್ನಾಗೇ ಮಾತಾಡೋಳು" ಎಂದರು. "ಮಗು ಹಾಲು ಕುಡೀತಾ ಅಂತ ದಿನಾ ಕೇಳೋಳು."